ಬಳಸುವ ಮುನ್ನ ಓದಿ: ಹಳೆಯ ಪೈಥಾನ್ ಕೋಡ್ ಇಟ್ಟುಕೊಂಡವರಿಗೊಂದು ಕೈಪಿಡಿ

ಅಭಿನಂದನೆಗಳು. ಈಗ ನೀವು ಒಂದು ಹಳೆಯ ಪೈಥಾನ್ ಪ್ರೋಗ್ರಾಮಿನ ಯಜಮಾನರು. ಅದನ್ನು ನೀವೇ ಬರೆದಿರಬಹುದು, ಕೆಲಸ ಬಿಟ್ಟು ಹೋದವರು ನಿಮ್ಮ ತಲೆಗೆ ಕಟ್ಟಿರಬಹುದು, ಇಲ್ಲವೇ ‘ಹೆಂಗೂ ಕಂಪ್ಯೂಟರ್ ಓದಿದ್ದೀಯಲ್ಲ’ ಎಂದು ನೆಂಟರು ಗಂಟು ಹಾಕಿರಬಹುದು. ಮಿಕ್ಸಿಯ ಜೊತೆ ಬರುವ ಪುಸ್ತಿಕೆಯನ್ನು ಕೊಂಡ ದಿನ ಯಾರೂ ಓದುವುದಿಲ್ಲ. ಜಾರಿನ ವಾಷರ್ ಹರಿದ ದಿನ ಹುಡುಕುತ್ತಾರೆ. ಅಷ್ಟರಲ್ಲಿ ಅದು ಹಳೇ ಪೇಪರಿನ ಜೊತೆ ತೂಕಕ್ಕೆ ಹೋಗಿರುತ್ತದೆ. ಈ ಕೈಪಿಡಿಗೂ ಅದೇ ಗತಿ ಎಂದು ತಿಳಿದೇ ಬರೆದಿದ್ದೇನೆ.

ಪೆಟ್ಟಿಗೆಯಲ್ಲಿ ಏನೇನಿದೆ

ಪ್ರೋಗ್ರಾಮು, ಒಂದು. ಅದು ಏನು ಮಾಡುತ್ತದೆಂಬ ವಿವರಣೆ, ಇಲ್ಲ. ಸರಿಯಾಗಿ ಮಾಡುತ್ತಿದೆಯೇ ಎಂದು ನೋಡುವ ಪರೀಕ್ಷೆಗಳು, ಇಲ್ಲ. ‘ಇದನ್ನು ಮುಟ್ಟಬೇಡಿ’ ಎಂಬ ಟಿಪ್ಪಣಿ, ನಾಲ್ಕು ಕಡೆ. ಯಾಕೆ ಮುಟ್ಟಬಾರದು ಎಂಬುದು ಬರೆದವನಿಗೂ ಮರೆತಿದೆ.

ಈ ಕೈಪಿಡಿಯಲ್ಲಿ ತೋರಿಸುವ ಮಾದರಿ ನನ್ನದೇ. 2012ರಲ್ಲಿ ಮಂಡ್ಯ ಜಿಲ್ಲೆಯ ನಮ್ಮೂರಿನ ಹಾಲಿನ ಡೈರಿಗೆಂದು ಬರೆದದ್ದು. ಡೈರಿಯ ಸೆಕ್ರೆಟರಿ ನನ್ನ ಚಿಕ್ಕಪ್ಪ. ಬೆಳಗ್ಗೆ ಸಂಜೆ ಹಾಲು ಹಾಕುವವರ ಹೆಸರು, ಎಷ್ಟು ಮಿಲಿಲೀಟರ್, ಫ್ಯಾಟ್ ಎಷ್ಟು, ಆ ಫ್ಯಾಟಿಗೆ ಲೀಟರಿನ ದರ ಎಷ್ಟು ಪೈಸೆ, ಇಷ್ಟನ್ನು ತಿಂದು ಹದಿನೈದು ದಿನಕ್ಕೊಮ್ಮೆ ಬಟವಾಡೆ ಪಟ್ಟಿ ಕಕ್ಕುವುದು ಅದರ ಕೆಲಸ. ನೂರಿಪ್ಪತ್ತು ಸದಸ್ಯರು. ಬರೆಯಲು ಎರಡು ಭಾನುವಾರ ಹಿಡಿಯಿತು. ಸಂಭಾವನೆ ಎರಡು ಲೀಟರ್ ಗಿಣ್ಣುಹಾಲು.

ವೋಲ್ಟೇಜ್ ನೋಡಿಕೊಳ್ಳಿ

ಯಂತ್ರವನ್ನು ಪ್ಲಗ್ಗಿಗೆ ಸಿಕ್ಕಿಸುವ ಮೊದಲು ಅದು ಯಾವ ಪೈಥಾನಿಗೆ ಮಾಡಿದ್ದೆಂದು ನೋಡಿ. ಗೀಡೋ ವಾನ್ ರಾಸಮ್ ಎಂಬ ಡಚ್ ಗಣಕಜ್ಞ 1991ರಲ್ಲಿ ಲೋಕಕ್ಕೆ ಬಿಟ್ಟ ಈ ಭಾಷೆ ಹದಿನೇಳು ವರ್ಷ ಹಳಬರನ್ನು ಹೆಚ್ಚು ನೋಯಿಸದೆ ಬೆಳೆಯಿತು. 2008ರ ಡಿಸೆಂಬರ್ 3ರಂದು ಬಂದ ಪೈಥಾನ್ 3.0 ಮಾತ್ರ ಬೇಕೆಂದೇ ಹಳೆಯದರೊಂದಿಗೆ ಮಾತು ಬಿಟ್ಟಿತು. ಹಿಂದೆ ಮಾಡಿದ ತಪ್ಪುಗಳನ್ನು ಒಂದೇ ಏಟಿಗೆ ತಿದ್ದಿ ಮುಗಿಸೋಣ ಎಂಬುದು ಲೆಕ್ಕಾಚಾರ. ಮನೆಗೆ ಸುಣ್ಣ ಹೊಡೆಸಲು ಶುರುಮಾಡಿದವರೆಲ್ಲ ಇದೇ ಮಾತು ಹೇಳುತ್ತಾರೆ.

ಜನ ಕದಲಲಿಲ್ಲ. 2010ರ ಜುಲೈನಲ್ಲಿ ಬಂದ 2.7ರಲ್ಲೇ ಕಾಲು ಚಾಚಿ ಕುಳಿತರು. 2.8 ಬರುತ್ತದೇನೋ ಎಂದು ಆಸೆ ಇಟ್ಟುಕೊಂಡವರಿಗಾಗಿ ಪೈಥಾನಿನವರು ಒಂದು ಅಧಿಕೃತ ದಾಖಲೆಯನ್ನೇ ಬರೆದರು: ಬರುವುದಿಲ್ಲ, ಎಂದೆಂದಿಗೂ ಬರುವುದಿಲ್ಲ. ಆ ದಾಖಲೆಗೆ ಕೊಟ್ಟ ಸಂಖ್ಯೆ 404, ಹುಡುಕಿದ ಪುಟ ಸಿಗದಿದ್ದಾಗ ಅಂತರ್ಜಾಲ ತೋರಿಸುವ ಅದೇ ಸಂಖ್ಯೆ. 2.7ಕ್ಕೆ 2015ರಲ್ಲಿ ಆಗಬೇಕಿದ್ದ ಸಾವನ್ನು 2020ಕ್ಕೆ ಮುಂದೂಡಿದರು. 2020ರ ಏಪ್ರಿಲ್‌ನಲ್ಲಿ ಬಂದ 2.7.18 ಅದರ ಬಾಯಿಗೆ ಬಿಟ್ಟ ಕೊನೆಯ ಗಂಗಾಜಲ.

ನಾನು 2012ರಲ್ಲೂ 2.7ರಲ್ಲೇ ಬರೆದೆನೆಂದರೆ ಸೋಮಾರಿತನ ಒಂದೇ ಕಾರಣವಲ್ಲ. ನನಗೆ ಬೇಕಿದ್ದ ಲೈಬ್ರರಿ ಆಗಿನ್ನೂ 3ಕ್ಕೆ ಬಂದಿರಲಿಲ್ಲ. ಲೈಬ್ರರಿ ಬರೆದವರನ್ನು ಕೇಳಿದರೆ ‘ಬಳಸುವವರು ಬರಲಿ, ನಾವು ಬರುತ್ತೇವೆ’, ಬಳಸುವವರನ್ನು ಕೇಳಿದರೆ ‘ಲೈಬ್ರರಿ ಬರಲಿ’. ಮದುವೆ ಊಟದ ಪಂಕ್ತಿಯಲ್ಲಿ ‘ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ’ ಎನ್ನುತ್ತಾ ಎಲ್ಲರೂ ನಿಂತೇ ಇದ್ದ ಹಾಗೆ ಐದಾರು ವರ್ಷ ಕಳೆಯಿತು.

ಎರಡೂ ವೋಲ್ಟೇಜಿಗೆ ನಡೆಯುವ ಅಡಾಪ್ಟರ್ ಬೇಕೆಂದರೆ ‘ಸಿಕ್ಸ್’ ಎಂಬ ಪುಟ್ಟ ಲೈಬ್ರರಿ ಇದೆ. ಎರಡು ಮೂರಲೆ ಆರು, ಹೆಸರಿನ ಗುಟ್ಟು ಅಷ್ಟೇ. 3.0 ಕಿತ್ತುಹಾಕಿದ್ದನ್ನೆಲ್ಲ ಹೊರಗೇ ಇಡಲು ಪೈಥಾನಿನವರಿಗೂ ಆಗಲಿಲ್ಲ. ಯೂನಿಕೋಡ್ ಪಠ್ಯದ ಮುಂದೆ ಹಾಕುತ್ತಿದ್ದ ‘ಯು’ ಎಂಬ ಅಕ್ಷರವನ್ನು ಬೇಡವೆಂದು ತೆಗೆದವರು 2012ರ 3.3ರಲ್ಲಿ ತಾವೇ ಕರೆದು ಮತ್ತೆ ಕೂರಿಸಿದರು. ಅದಕ್ಕೆ ಅಲ್ಲಿ ಕೆಲಸವೇನೂ ಇಲ್ಲ, ಹಳಬರ ಕೋಡು ಬೀಳದಿರಲಿ ಎಂದು ಕೂತಿದೆ. ಜಗಲಿಯ ಮೇಲಿನ ಅಜ್ಜ.

ಮೊದಲ ಸಲ ಆನ್ ಮಾಡಿದಾಗ ಬರುವ ಸದ್ದುಗಳು

ಡೈರಿಯ ಹಳೇ ಕಂಪ್ಯೂಟರ್ 2020ರ ಜುಲೈನಲ್ಲಿ ಉಸಿರು ಎಳೆಯಲು ಶುರುಮಾಡಿತು. ಲಾಕ್‌ಡೌನ್ ಅಂತ ನಾನು ಬೆಂಗಳೂರು ಬಿಟ್ಟು ಊರಿನ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದ ಕಾಲ. ಹೊಸ ಯಂತ್ರ ತಂದು ಉಬುಂಟು 20.04 ಹಾಕಿದೆ. ‘ಪೈಥಾನ್’ ಎಂದು ಟೈಪ್ ಮಾಡಿದರೆ ಅಂಥ ಆಜ್ಞೆಯೇ ಗೊತ್ತಿಲ್ಲ ಎಂದಿತು. ಅದರಲ್ಲಿ ‘ಪೈಥಾನ್3’ ಇತ್ತು, ಬರೀ ‘ಪೈಥಾನ್’ ಎಂಬ ಹೆಸರಿನವರು ಯಾರೂ ಇರಲಿಲ್ಲ.

ಮುಂದೆ ಕೇಳುವ ಸದ್ದುಗಳಿಗೆ ಹೆದರಬೇಡಿ. ‘ಪ್ರಿಂಟ್’ ಮೊದಲು ಆಜ್ಞೆಯಾಗಿತ್ತು, ಈಗ ಫಂಕ್ಷನ್, ಹಾಗಾಗಿ ಕಂಸ ಬೇಕು. ಇಲ್ಲದಿದ್ದರೆ ‘ಕಂಸ ಬಿಟ್ಟಿದ್ದೀರಾ?’ ಎಂದು ಅದೇ ಕೇಳುತ್ತದೆ. ‘ಎಕ್ಸ್‌ರೇಂಜ್’ ಇಲ್ಲ, ‘ಹ್ಯಾಸ್‌ಕೀ’ ಇಲ್ಲ. ಫ್ಯಾಟ್ ಬರೆಯದೆ ಬಿಟ್ಟ ಖಾಲಿ ಮನೆಯನ್ನು ಹಳೆಯ ಪೈಥಾನ್ ಎಲ್ಲ ಸಂಖ್ಯೆಗಳಿಗಿಂತ ಚಿಕ್ಕದೆಂದು ಭಾವಿಸಿ ಸಾಲಿನ ಮುಂದೆ ನಿಲ್ಲಿಸುತ್ತಿತ್ತು. ಹೊಸದು ‘ಖಾಲಿಗೂ ಸಂಖ್ಯೆಗೂ ಹೋಲಿಕೆ ಎಲ್ಲಿಯದು’ ಎಂದು ಕೆಲಸ ನಿಲ್ಲಿಸುತ್ತದೆ. ಹಳೆಯ ‘ಇನ್‌ಪುಟ್’ ನಾವು ಟೈಪ್ ಮಾಡಿದ್ದನ್ನು ಕೋಡೆಂದೇ ತಿಳಿದು ನಡೆಸಿಬಿಡುತ್ತಿತ್ತು, ಬಾಗಿಲು ತೆರೆದು ಮಲಗಿದ ಹಾಗೆ. ಹೊಸದು ಏನು ಕೊಟ್ಟರೂ ಪಠ್ಯವೆಂದೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಕೈಯಲ್ಲಿ ಟೈಪಿಸಿದ 4ನ್ನು 3ರಿಂದ ಗುಣಿಸಿದರೆ 12 ಬರುವುದಿಲ್ಲ, 444 ಬರುತ್ತದೆ. ಇವನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಸರಿಮಾಡಿ, ಎದ್ದು ಹೋಗಿ ಚಹಾ ಕುಡಿದೆ. ಅದೇ ತಪ್ಪಾದದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಕನ್ನಡ ಹಾಕಿ ಬಳಸುವವರಿಗೆ ವಿಶೇಷ ಸೂಚನೆ

ಮೂರನೆಯ ಪೈಥಾನಿನ ಮೇಲೆ ಇಂಗ್ಲಿಷ್ ಮಂದಿ ತುಂಬಾ ಸಿಟ್ಟಾಗಿದ್ದರು. ನಡೆಯುತ್ತಿದ್ದುದನ್ನು ಯಾಕೆ ಕೆಡಿಸಿದಿರಿ ಎಂಬುದು ಅವರ ತಕರಾರು. ಅವರಿಗೇನೋ ನಡೆಯುತ್ತಿತ್ತು. ಹಳೆಯ ಪೈಥಾನಿನಲ್ಲಿ ಪಠ್ಯಕ್ಕೆ ಎರಡು ಜಾತಿ: ಬರೀ ಬೈಟುಗಳ ಸರ, ಮತ್ತು ಯೂನಿಕೋಡ್. ಇವೆರಡನ್ನು ಬೆರೆಸಿದರೆ ಅದು ಸದ್ದಿಲ್ಲದೆ ಎಲ್ಲವನ್ನೂ ಆಸ್ಕಿ ಎಂದು ಭಾವಿಸುತ್ತಿತ್ತು. ಆಸ್ಕಿಯಲ್ಲಿ ಇರುವುದು 128 ಚಿಹ್ನೆ. ಇಂಗ್ಲಿಷ್ ಹೆಸರು ಹಾಕಿ ಪರೀಕ್ಷಿಸಿದವನಿಗೆ ಅದರಲ್ಲಿ ದೋಷವೇ ಕಾಣುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಮೊದಲನೆಯದು ಯಾವಾಗಲೂ ‘ಇ0’ ಎಂಬ ಬೈಟು, ಅಂದರೆ 224. ಅದು 128ರ ಬೇಲಿಯ ಆಚೆಗೆ. ಹೀಗಾಗಿ ಕನ್ನಡದ ಹೆಸರು ಹಾಕಿದವನಿಗೆ ‘ಸ್ಥಾನ 0ರಲ್ಲಿರುವ ಇ0 ಬೈಟನ್ನು ಓದಲಾರೆ’ ಎಂಬ ಬೈಗುಳ ಮೊದಲ ಅಕ್ಷರಕ್ಕೇ ಸಿಗುತ್ತಿತ್ತು. ಕೋಡಿನ ಒಳಗೆ ಕನ್ನಡ ಬರೆಯಬೇಕಾದರೆ ಫೈಲಿನ ನೆತ್ತಿಯ ಮೇಲೆ ‘ಇದು ಯುಟಿಎಫ್-8’ ಎಂದು ಒಂದು ಸಾಲು ಬರೆಯಬೇಕಿತ್ತು, ದೇವಸ್ಥಾನದ ಒಳಗೆ ಬಿಡಲು ಹಣೆಯ ನಾಮ ಕೇಳಿದ ಹಾಗೆ. ಮೂರರಲ್ಲಿ ಆ ನಾಮ ಬೇಕಿಲ್ಲ. ಆ ಒಡಕಿನಿಂದ ನಮಗೆ ಸಿಕ್ಕಿದ್ದು ಬಾಗಿಲು ಎಂದು ನಾನು ಈಗಲೂ ಹೇಳುತ್ತೇನೆ. ಭಾರತದ ಮೊದಲ ಪೈಕಾನ್ ಸಮ್ಮೇಳನ 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಾಗ 3.0ಕ್ಕೆ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಈ ಬಾಗಿಲನ್ನು ಮೊದಲು ದಾಟಬೇಕಿದ್ದವರು ನಾವೇ. ದಾಟಲಿಲ್ಲ, ನಾನೂ ಸೇರಿ.

ಎಚ್ಚರಿಕೆ: ಬಾಗಿಲು ದಾಟಿದ ಮಾತ್ರಕ್ಕೆ ಊಟ ಬಡಿಸಿರುವುದಿಲ್ಲ. ‘ಕನ್ನಡ’ ಎಂಬ ಪದದ ಉದ್ದ ಎಷ್ಟೆಂದು ಕೇಳಿ ನೋಡಿ. ಬೈಟು ಎಣಿಸುವ ಹಳೆಯದು 15 ಎನ್ನುತ್ತದೆ. ಹೊಸದು 5 ಎನ್ನುತ್ತದೆ: ಕ, ನ, ವಿರಾಮದ ಚಿಹ್ನೆ, ಮತ್ತೊಂದು ನ, ಡ. ಒಂದನೇ ತರಗತಿಯ ಮಗು 3 ಎನ್ನುತ್ತದೆ. ನನ್ನ ಬಟವಾಡೆ ಪಟ್ಟಿಯಲ್ಲಿ ಹೆಸರಿನ ಅಂಕಣಕ್ಕೆ ಹಿಂದೆ 20 ಬೈಟು ಕೊಟ್ಟಿದ್ದೆ. ಇಪ್ಪತ್ತು ಮೂರರಿಂದ ಭಾಗವಾಗದು. ಆದ್ದರಿಂದ ಉದ್ದದ ಹೆಸರಿನವರೆಲ್ಲ ಬಾಲಕ್ಕೆ ಪ್ರಶ್ನೆಚಿಹ್ನೆ ಹೊತ್ತ ಕರಿ ವಜ್ರವೊಂದನ್ನು ಕಟ್ಟಿಕೊಂಡೇ ಎಂಟು ವರ್ಷ ಹಣ ಪಡೆದರು. ಹೊಸದರಲ್ಲಿ ಆರು ಚಿಹ್ನೆಗೆ ಕತ್ತರಿಸಿದೆ. ವಜ್ರ ಹೋಯಿತು. ಆದರೆ ‘ಮ್ಮ’ ಎಂದು ಮುಗಿಯಬೇಕಾದ ಹಲವು ಹೆಸರುಗಳು ‘ಮ್’ ಎಂದು ಬಾಯಿ ಮುಚ್ಚಿ ನಿಂತವು. ಹೆಸರಿನಲ್ಲಿ ಅರ್ಧ ಅಮ್ಮನನ್ನು ಕಳೆದುಕೊಂಡ ಹೆಂಗಸರು ನನ್ನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಿದರು.

ಇನ್ನೊಂದು ಸಂತೋಷದ ಸುದ್ದಿ. ಮೂರರಲ್ಲಿ ವೇರಿಯಬಲ್‌ಗಳಿಗೆ ಕನ್ನಡದ ಹೆಸರಿಡಬಹುದು. ‘ಮೊತ್ತ’, ‘ದರ’ ನಡೆಯುತ್ತವೆ. ಪಠ್ಯವಾಗಿ ಕೊಟ್ಟ ‘೪೭೦೦’ ಅನ್ನು ಸಂಖ್ಯೆ ಮಾಡು ಎಂದರೆ ತಕರಾರಿಲ್ಲದೆ 4700 ಮಾಡಿಕೊಡುತ್ತದೆ. ಆದರೆ ‘ಬಿಲ್‌ಮೊತ್ತ’ ಎಂದು ಹೆಸರಿಡಬೇಡಿ. ಲ್ ಮತ್ತು ಮ ಒತ್ತಾಗಿ ಬೆಸೆಯದಿರಲಿ ಎಂದು ನಡುವೆ ನಾವು ಹಾಕುವ ಕಣ್ಣಿಗೆ ಕಾಣದ ಚಿಹ್ನೆಯನ್ನು ಪೈಥಾನ್ ಹೆಸರಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಕಾಣದ ತಪ್ಪನ್ನು ಹುಡುಕುತ್ತಾ ನಾನು ಕಳೆದ ಸಂಜೆಯ ಲೆಕ್ಕ ಇಲ್ಲಿ ಬೇಡ.

ಸದ್ದೇ ಮಾಡದೆ ಕೆಡುವ ಭಾಗಗಳು

ಈ ಅಧ್ಯಾಯವನ್ನು ದಯವಿಟ್ಟು ಎರಡು ಸಲ ಓದಿ. ನಾನು ಚಹಾ ಕುಡಿಯಲು ಎದ್ದದ್ದು ಇದನ್ನು ಬಿಟ್ಟು.

ಹಳೆಯ ಪೈಥಾನಿನಲ್ಲಿ 3ನ್ನು 2ರಿಂದ ಭಾಗಿಸಿದರೆ ಉತ್ತರ 1. ಎರಡೂ ಪೂರ್ಣಾಂಕ, ಹಾಗಾಗಿ ಉತ್ತರವೂ ಪೂರ್ಣಾಂಕ, ಉಳಿದ ಚೂರು ಗಾಳಿಗೆ. ಹೊಸದರಲ್ಲಿ ಉತ್ತರ 1.5. ಯಾವುದೂ ಬೈಯುವುದಿಲ್ಲ, ಯಾವುದೂ ನಿಲ್ಲುವುದಿಲ್ಲ. ಅದೇ ಒಂದು ಓರೆಗೆರೆ, ಅದೇ ಸಾಲು, ಬೇರೆ ಉತ್ತರ. ರೌಂಡ್ ಮಾಡುವುದೂ ಹಾಗೆಯೇ: 2.5ನ್ನು ಹಳೆಯದು 3 ಮಾಡುತ್ತಿತ್ತು, ಹೊಸದು 2 ಮಾಡುತ್ತದೆ, 3.5 ಮಾತ್ರ ಎರಡರಲ್ಲೂ 4. ಅರ್ಧ ಸಿಕ್ಕಿದಾಗ ಹತ್ತಿರದ ಸಮಸಂಖ್ಯೆಗೆ ಹೋಗುವ ಈ ಪದ್ಧತಿಗೆ ಬ್ಯಾಂಕಿನವರ ರೌಂಡಿಂಗ್ ಎಂದೇ ಹೆಸರು. ಚಿಕ್ಕಪ್ಪನಿಗೆ ಹೇಳಿದಾಗ ‘ಅದ್ಕೇಯಾ ಅವ್ರು ಉದ್ಧಾರ ಆಗಿರಾದು’ ಎಂದ.

ಭಾಗಾಕಾರದ ಈ ಬದಲಾವಣೆ ರಾತ್ರೋರಾತ್ರಿ ಬಂದದ್ದೂ ಅಲ್ಲ. ಚೂರು ಬಿಟ್ಟು ಭಾಗಿಸಬೇಕಾದರೆ ಎರಡು ಓರೆಗೆರೆ ಹಾಕಿ ಎಂಬ ಸವಲತ್ತು 2001ರ ಪೈಥಾನ್ 2.2ರಲ್ಲೇ ಇತ್ತು. ‘ಭವಿಷ್ಯದಿಂದ ಭಾಗಾಕಾರ ತಂದುಕೊಡು’ ಎಂದು ಫೈಲಿನ ಮೇಲೆ ಒಂದು ಸಾಲು ಬರೆದರೆ ಹಳೆಯದೂ ಹೊಸದರಂತೆ ನಡೆದುಕೊಳ್ಳುತ್ತಿತ್ತು. ಆ ‘ಭವಿಷ್ಯ’ ಎಂಬ ಖಾನೆ ಪೈಥಾನಿನಲ್ಲಿ ನಿಜವಾಗಿಯೂ ಇದೆ. ಪುಷ್ಪಾವರಣ ಕೊಡು ಎಂದು ಅದನ್ನೇ ಕೇಳಿದರೆ ‘ಸಾಧ್ಯವೇ ಇಲ್ಲ’ ಎಂದು ತಮಾಷೆಯೂ ಮಾಡುತ್ತದೆ. ಎಲ್ಲ ಹೇಳಿಟ್ಟಿದ್ದರು. ಕೈಪಿಡಿ ಓದುವವರು ಯಾರು?

ಈಗ ನನ್ನ ಡೈರಿ ಲೆಕ್ಕ ನೋಡಿ. 4,700 ಮಿಲಿಲೀಟರ್ ಹಾಲು, ಲೀಟರಿಗೆ 2,350 ಪೈಸೆ ಎಂದುಕೊಳ್ಳಿ. ಗುಣಿಸಿ ಸಾವಿರದಿಂದ ಭಾಗಿಸಿದರೆ 11,045 ಪೈಸೆ. ನೂರರಿಂದ ಭಾಗಿಸಿದರೆ 110 ರೂಪಾಯಿ 45 ಪೈಸೆ. 2.7 ಹೇಳಿದ್ದು 110. ನಲವತ್ತೈದು ಪೈಸೆ ಯಾರಿಗೂ ಕಾಣದಂತೆ ಜಾರಿತು. ಒಂದು ಸಲಕ್ಕೆ ಸರಾಸರಿ ಎಂಟಾಣೆ, ದಿನಕ್ಕೆರಡು ಸಲ ಹಾಲು, ಅಂದರೆ ಒಬ್ಬ ಸದಸ್ಯನಿಗೆ ದಿನಕ್ಕೊಂದು ರೂಪಾಯಿ. ವರ್ಷಕ್ಕೆ 365. ನೂರಿಪ್ಪತ್ತು ಮಂದಿಗೆ 43,800. ಎಂಟು ವರ್ಷ.

ಇದನ್ನು ನಾನು ಕಂಡುಹಿಡಿಯಲಿಲ್ಲ. ಹೊಸ ಯಂತ್ರದ ಮೊದಲ ಬಟವಾಡೆಯ ದಿನ ಬೆಳಗ್ಗೆ ಐದೂವರೆಗೆ ಚಿಕ್ಕಪ್ಪ ಬಾಗಿಲು ತಟ್ಟಿದ.

“ಲೋ ಮಗ, ನಿನ್ ಹೊಸಾ ಪೆಟ್ಗೆ ಲೆಕ್ಕ ತಪ್ಪು ತೋರುಸ್ತಾ ಅದೆ ಕಣ್ಲಾ.”

“ಎಷ್ಟು ತಪ್ಪು ಚಿಕ್ಕಪ್ಪ?”

“ಎಲ್ರುಗೂ ಜಾಸ್ತಿ ಬತ್ತಾ ಅದೆ.”

ಹಳೇ ಕಂಪ್ಯೂಟರನ್ನು ಫ್ಯಾನಿನ ಗಾಳಿಗಿಟ್ಟು ಎಬ್ಬಿಸಿ, ಅದೇ ಹದಿನೈದು ದಿನದ ಹಾಲನ್ನು ಎರಡಕ್ಕೂ ಕುಡಿಸಿ, ಎರಡು ಪಟ್ಟಿಗಳನ್ನು ಸಾಲುಸಾಲಾಗಿ ಅಕ್ಕಪಕ್ಕ ಹಿಡಿದೆ. ಈ ಕೈಪಿಡಿಯಲ್ಲಿ ನಿಜಕ್ಕೂ ಪಾಲಿಸಬೇಕಾದ ಸೂಚನೆ ಇದೊಂದೇ: ಹಳೆಯದನ್ನು ಗುಜರಿಗೆ ಹಾಕುವ ಮೊದಲು ಒಂದೇ ದತ್ತಾಂಶವನ್ನು ಎರಡರಲ್ಲೂ ಓಡಿಸಿ, ಉತ್ತರಗಳ ವ್ಯತ್ಯಾಸ ನೋಡಿ. ಪ್ರೋಗ್ರಾಮು ನಿಲ್ಲದೆ ಓಡಿತು ಎಂಬುದು ಸರಿಯಾಗಿ ಓಡಿತು ಎಂಬುದಕ್ಕೆ ಸಾಕ್ಷಿಯಲ್ಲ. ಇದನ್ನು ಬಟವಾಡೆಗೆ ಮುಂಚೆ ಮಾಡಬೇಕು, ನನ್ನ ಹಾಗೆ ಆಮೇಲೆ ಅಲ್ಲ.

“ಚಿಕ್ಕಪ್ಪ, ಹೊಸದು ಸರಿಯಾಗಿದೆ. ತಪ್ಪು ಮಾಡ್ತಿದ್ದದ್ದು ಹಳೇದು.”

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇದ್ನ ಯಾರ್ಗೂ ಯೋಳ್ಬ್ಯಾಡ” ಎಂದ. ನಾನು ಹೇಳಿದೆ. ಮಹಾಸಭೆಯಲ್ಲೇ ಹೇಳಬೇಕಾಯಿತು.

ವಾರ್ಷಿಕ ಸರ್ವೀಸ್

ಅದಕ್ಕೆ ಮೊದಲು ನಿರ್ವಹಣೆಯ ಮಾತು ಮುಗಿಸುತ್ತೇನೆ. ಎರಡರಿಂದ ಮೂರಕ್ಕೆ ಬಂದೆವು, ಇನ್ನು ನಿಶ್ಚಿಂತೆ ಎಂದುಕೊಳ್ಳಬೇಡಿ. ಈಗ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಹೊಸ ಪೈಥಾನ್ ಬರುತ್ತದೆ, ಆಯುಧ ಪೂಜೆಯ ಆಸುಪಾಸು. ಒಂದೊಂದಕ್ಕೂ ಐದು ವರ್ಷ ಆಯಸ್ಸು. ಯಾವುದನ್ನಾದರೂ ತೆಗೆಯುವುದಿದ್ದರೆ ಕನಿಷ್ಠ ಎರಡು ಆವೃತ್ತಿ ಮುಂಚಿನಿಂದ ಎಚ್ಚರಿಕೆ ಕೊಡಬೇಕೆಂಬುದು ನಿಯಮ. ಆದರೆ ಆ ಎಚ್ಚರಿಕೆಗಳಲ್ಲಿ ಬಹುಪಾಲು ನಾವಾಗಿ ಕೇಳದ ಹೊರತು ತೆರೆಯ ಮೇಲೆ ಬರುವುದೇ ಇಲ್ಲ. ಪಂಚಾಯಿತಿ ಕಚೇರಿಯ ಒಳಗೋಡೆಗೆ ನೋಟೀಸು ಹಚ್ಚಿ, ಬಾಗಿಲು ಹಾಕಿಕೊಂಡು ಹೋದ ಹಾಗೆ.

2018ರ 3.7ರಲ್ಲಿ ‘ಅಸಿಂಕ್’ ಎಂಬುದು ಭಾಷೆಯ ಮೀಸಲು ಪದವಾಯಿತು. ಅದೇ ಹೆಸರನ್ನು ತಮ್ಮ ಫೈಲಿಗೋ ವೇರಿಯಬಲ್‌ಗೋ ಇಟ್ಟಿದ್ದವರು ಬೆಳಗಾಗುವುದರೊಳಗೆ ಒತ್ತುವರಿದಾರರಾದರು. ಹಳೆಯ ಪೈಥಾನಿಗೆ ‘ಬ್ಯಾಟರಿ ಸಮೇತ’ ಎಂಬ ಹೆಗ್ಗಳಿಕೆ ಇತ್ತು, ಬೇಕಾದ ಲೈಬ್ರರಿಗಳೆಲ್ಲ ಜೊತೆಗೇ ಬರುತ್ತವೆಂದು. ಆ ಬ್ಯಾಟರಿಗಳಲ್ಲಿ ಸತ್ತವೆಂದು ಗುರುತಿಸಿದ 19ನ್ನು 2024ರ 3.13ರಲ್ಲಿ ಕಿತ್ತೆಸೆದರು. ಟಾರ್ಚಿನಲ್ಲಿ ಹಳೇ ಸೆಲ್ಲು ಬಿಟ್ಟರೆ ಸೋರಿ ಸ್ಪ್ರಿಂಗ್ ತಿನ್ನುತ್ತದೆ ಎಂದು ನನ್ನ ಅಪ್ಪ ಹೇಳುತ್ತಿದ್ದರು, ಹಾಗಾಗಿ ನನಗೆ ಇದರಲ್ಲಿ ತಕರಾರಿಲ್ಲ.

ನನ್ನನ್ನು ಕೆಡವಿದ್ದು ಮಾತ್ರ ಇವ್ಯಾವುವೂ ಅಲ್ಲ, 2021ರ 3.10. ಯಾವ ಆವೃತ್ತಿ ಎಂದು ನೋಡಲು ನಾನು ಆವೃತ್ತಿಯ ಹೆಸರಿನ ಮೊದಲ ಮೂರು ಚಿಹ್ನೆ ತೆಗೆದುಕೊಂಡು ಹೋಲಿಸುತ್ತಿದ್ದೆ. 3.8, 3.9ರವರೆಗೆ ಸೊಗಸಾಗಿ ನಡೆಯಿತು. 3.10ರ ಮೊದಲ ಮೂರು ಚಿಹ್ನೆ 3.1. ಅದು 2009ರ ಪೈಥಾನ್. ‘ನಿಮ್ಮ ಪೈಥಾನ್ ತೀರಾ ಹಳೆಯದು, ದಯವಿಟ್ಟು ಹೊಸದನ್ನು ಹಾಕಿಕೊಳ್ಳಿ’ ಎಂದು ನನ್ನದೇ ಪ್ರೋಗ್ರಾಮು ನನ್ನದೇ ಕನ್ನಡದಲ್ಲಿ, ಅಂದಿಗೆ ಲೋಕದಲ್ಲೇ ಹೊಚ್ಚ ಹೊಸದಾಗಿದ್ದ ಪೈಥಾನಿಗೆ ಹೇಳಿತು.

ವಾರಂಟಿ

ಹೈರಮ್ ರೈಟ್ ಎಂಬ ಇಂಜಿನಿಯರ್ ಹೆಸರಿನಲ್ಲಿ ಒಂದು ನಿಯಮ ಚಾಲ್ತಿಯಲ್ಲಿದೆ. ಬಳಸುವವರು ಸಾಕಷ್ಟು ಮಂದಿ ಇದ್ದರೆ, ನೀವು ಏನು ಕೊಡುತ್ತೇನೆಂದು ಮಾತು ಕೊಟ್ಟಿರಿ ಎಂಬುದು ಲೆಕ್ಕಕ್ಕಿಲ್ಲ. ನಿಮ್ಮ ಯಂತ್ರದ ಕಣ್ಣಿಗೆ ಕಾಣುವ ಪ್ರತಿಯೊಂದು ನಡತೆಯನ್ನೂ ಯಾರೋ ಒಬ್ಬರು ನೆಚ್ಚಿಕೊಂಡಿರುತ್ತಾರೆ. ಇದನ್ನು ನಾನು ಬೆಂಗಳೂರಿನಲ್ಲಿ ಸ್ಲೈಡು ಹಾಕಿ ಮೂರು ಸಲ ವಿವರಿಸಿದ್ದೆ. ಅರ್ಥವಾದದ್ದು ನಮ್ಮೂರ ಡೈರಿಯ ಜಮಖಾನದ ಮೇಲೆ ಕುಳಿತಾಗ.

ಜಾರಿದ ಪೈಸೆಗಳು ಎಲ್ಲಿಗೂ ಓಡಿಹೋಗಿರಲಿಲ್ಲ. ಸಂಘದ ಲಾಭದ ಲೆಕ್ಕದಲ್ಲಿ ಸೇರಿಕೊಂಡು, ವರ್ಷಕ್ಕೊಮ್ಮೆ ಗೌರಿ ಹಬ್ಬದ ಮುಂಚೆ ಬೋನಸ್ಸಾಗಿ ಅದೇ ಜನಕ್ಕೆ ವಾಪಸ್ಸು ಹೋಗುತ್ತಿದ್ದವು. ಸುತ್ತಲ ಊರುಗಳಿಗಿಂತ ನಮ್ಮೂರಿನ ಡೈರಿಯ ಬೋನಸ್ ಹೆಚ್ಚು ಎಂದು ಚಿಕ್ಕಪ್ಪನಿಗೆ ಶಾಲು ಹೊದಿಸಿದ್ದರು, ಎರಡು ಸಲ. ಲೆಕ್ಕ ಸರಿಯಾದ ಮರುವರ್ಷ ಬೋನಸ್ ಇಳಿಯಿತು. ಹದಿನೈದು ದಿನಕ್ಕೊಮ್ಮೆ ಹದಿನೈದು ರೂಪಾಯಿ ಹೆಚ್ಚಿಗೆ ಬಂದದ್ದು ಒಬ್ಬರ ಗಮನಕ್ಕೂ ಬಂದಿರಲಿಲ್ಲ. ಬೋನಸ್ ಇಳಿದದ್ದು ನೂರಿಪ್ಪತ್ತು ಮಂದಿಗೂ ಗೊತ್ತಾಯಿತು.

ಮಹಾಸಭೆಯಲ್ಲಿ ಎದ್ದು ನಿಂತು ಕೈಮುಗಿದು ಎಲ್ಲ ಹೇಳಿದೆ. ಪೂರ್ಣಾಂಕ ಎಂದರೇನು, ಓರೆಗೆರೆ ಎಂದರೇನು, ಎಂಟು ವರ್ಷ ನನ್ನ ತಪ್ಪಿನಿಂದ ದಿನಕ್ಕೊಂದು ರೂಪಾಯಿ ಹೇಗೆ ಹಿಂದೆ ಉಳಿಯುತ್ತಿತ್ತು, ಈಗ ಹೇಗೆ ಅವರ ದುಡ್ಡು ಅವರಿಗೆ ಅಂದಂದೇ ಸೇರುತ್ತಿದೆ. ಬೈಯುತ್ತಾರೆಂದು ಕಾದೆ. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದರು.

“ಅಲ್ಲ ಕಣಪ್ಪ, ದಿನಾ ಎಂಟಾಣೆ ಎಂಟಾಣೆ ಕೊಟ್ರೆ ನಮ್ ಮನೆ ಗಂಡಸ್ರ ಬೀಡಿಗೋಯ್ತದೆ. ಹಬ್ಬುಕ್ಕೆ ಒಟ್ಗೆ ಕೊಟ್ರೆ ಒಂದು ಸೀರೆ ಬತ್ತದೆ. ಮೊದ್ಲು ಸರ್ಯಾಗಿತ್ತಲ್ಲ, ನಿಂಗ್ಯಾರಪ್ಪ ರಿಪೇರಿ ಮಾಡು ಅಂದೋರು?”

ಹೆಂಗಸರ ಕಡೆಯಿಂದ ಚಪ್ಪಾಳೆ ಬಿತ್ತು. ಗಂಡಸರು ಮಾತಾಡಲಿಲ್ಲ. ಹಳೇ ಲೆಕ್ಕವೇ ಮುಂದುವರಿಯಲಿ ಎಂದು ಠರಾವು ಬರೆದು, ಹೆಬ್ಬೆಟ್ಟು ರುಜು ಎಲ್ಲ ಆದಮೇಲೆ ಕಾಂಗ್ರೆಸ್ ಕಡ್ಲೆಬೀಜ, ಕಾಫಿ ಕೊಟ್ಟರು.

ಅಂದು ಸಂಜೆ ಜಗಲಿಯ ಮೇಲೆ ಕುಳಿತು ಪ್ರೋಗ್ರಾಮು ತೆರೆದೆ. ಭಾಗಾಕಾರ ಇದ್ದ ಎರಡು ಕಡೆಯೂ ಒಂದು ಓರೆಗೆರೆಯ ಪಕ್ಕ ಇನ್ನೊಂದು ಹಾಕಿದೆ. ಈಗ ಅದು 2.7ರಲ್ಲೂ ಅದೇ ಉತ್ತರ, 3.13ರಲ್ಲೂ ಅದೇ ಉತ್ತರ ಕೊಡುತ್ತದೆ. ಪಕ್ಕದಲ್ಲಿ ಒಂದು ಟಿಪ್ಪಣಿಯೂ ಇದೆ, ಈ ಪೆಟ್ಟಿಗೆ ಮುಂದೆ ಯಾರ ಕೈ ಸೇರುತ್ತದೋ ಅವರಿಗೆ: ‘ಇದು ತಪ್ಪಲ್ಲ. ಮಹಾಸಭೆಯ ತೀರ್ಮಾನ. ರಿಪೇರಿ ಮಾಡುವುದಿದ್ದರೆ ಮೊದಲು ಅಜ್ಜಿಯನ್ನು ಕೇಳಿ.’